ಗುವಾಹಟಿಗೆ ಎಷ್ಟು ಸೇರು ದೂರ

ಫೋನಿಗೆ ಒಂದು ಕೆಟ್ಟ ಅಭ್ಯಾಸವಿದೆ; ಕೇಳಿದ್ದಕ್ಕೆ ತಕ್ಷಣ ಉತ್ತರ ಕೊಟ್ಟುಬಿಡುತ್ತದೆ. ಮನುಷ್ಯರನ್ನು ದೂರ ಎಷ್ಟು ಎಂದು ಕೇಳಿ ನೋಡಿ. ಯಾಕೆ, ಯಾರ ಮನೆಗೆ, ಏನು ವಿಶೇಷ, ಬರಿಗೈಲಿ ಹೋಗುತ್ತೀರಾ ಎಂದು ನಾಲ್ಕು ಪ್ರಶ್ನೆ ಹಾಕಿ, ನಮ್ಮ ಸಂಸಾರದ ಗುಟ್ಟೆಲ್ಲ ತಿಳಿದುಕೊಂಡ ಮೇಲೆ ‘ಬಹಳ ದೂರವಮ್ಮ’ ಎನ್ನುತ್ತಾರೆ. ಆ ಉತ್ತರದಿಂದ ಯಾರೂ ಮೋಸ ಹೋಗುವುದಿಲ್ಲ. ನನ್ನ ಮೊಮ್ಮಗಳು ದಿವ್ಯಾ, ಬೆಂಗಳೂರಿನಿಂದ ಗುವಾಹಟಿಗೆ ಎಷ್ಟು ದೂರ ಎಂದು ಬೆರಳಾಡಿಸಿದಾಗ, ಫೋನು ಯಾಕೆ ಎಂದೂ ಕೇಳದೆ, ಎರಡು ಸಾವಿರದ ಚಿಲ್ಲರೆ ಕಿಲೋಮೀಟರು, ವಿಮಾನದಲ್ಲಿ ಮೂರು ಗಂಟೆ ಎಂದಿತು. ನಾನು ನಂಬಿದೆ. ಬನಶಂಕರಿ ಮಾರ್ಕೆಟ್ಟಿನ ಫುಟ್‌ಪಾತಿನ ಮೇಲೆ ಮೂವತ್ತು ಚಳಿಗಾಲ ಅವರೆ ಮಾರಿದವಳು, ಕಂಡವರ ಅಳತೆಯನ್ನು ತಳ ಮುಟ್ಟಿ ನೋಡದೆ ನಂಬಬಾರದಿತ್ತು.

ನಾನು ಎರಡನೇ ಕ್ಲಾಸಿನವರೆಗೆ ಓದಿದವಳು. ಬಸ್ಸಿನ ಬೋರ್ಡು ಓದುತ್ತೇನೆ, ಅದೂ ಬಸ್ಸು ನಿಂತಿದ್ದರೆ. ಕಿಲೋಮೀಟರು ನನ್ನ ಕಣ್ಣಿಗೆ ಯಾವತ್ತೂ ಬಿದ್ದಿಲ್ಲ. ಗಂಟೆ ಗೊತ್ತು, ಆದರೆ ಅದನ್ನು ನಾನು ಕೈಯಲ್ಲಿ ಎಣಿಸುತ್ತೇನೆ. ನೆನೆದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಹಾರುತ್ತದಲ್ಲ, ಹಾಗೆ ಒಂದು ಸೇರು ಕಾಳು ಹಿದುಕುವುದಕ್ಕೆ ನನಗೆ ಅರ್ಧ ಗಂಟೆ ಬೇಕು. ಆ ಲೆಕ್ಕದಲ್ಲಿ ಗುವಾಹಟಿ ಆರು ಸೇರು ದೂರ. ನಮ್ಮ ಇಟ್ಟಮಡುವಿನಿಂದ ವಿಮಾನ ನಿಲ್ದಾಣವೂ ಬೆಳಗಿನ ಟ್ರಾಫಿಕ್ಕಿನಲ್ಲಿ ಸುಮಾರು ಐದು ಸೇರು ದೂರ ಎಂಬುದನ್ನು ಫೋನು ಹೇಳಲಿಲ್ಲ. ಫೋನಿನ ಮಟ್ಟಿಗೆ ಮನುಷ್ಯರು ವಿಮಾನ ನಿಲ್ದಾಣದಲ್ಲೇ ಹುಟ್ಟಿ, ಇನ್ನೊಂದು ವಿಮಾನ ನಿಲ್ದಾಣಕ್ಕೆ ಮದುವೆಯಾಗಿ ಹೋಗುತ್ತಾರೆ.

ಯಾಕೆ ಹೊರಟೆ ಎಂದು ನೀವು ಕೇಳುತ್ತೀರಿ, ನೀವು ಫೋನಲ್ಲ. ಗುವಾಹಟಿಯಲ್ಲಿ ನನ್ನ ತಂಗಿ ಜಯಮ್ಮ ಇದ್ದಾಳೆ. ಗಂಡನಿಗೆ ರೈಲ್ವೆ ಕೆಲಸ ಅಲ್ಲಿ ಸಿಕ್ಕಿತು ಎಂದು ನಲವತ್ತು ವರ್ಷದ ಹಿಂದೆ ಹೋದವಳು ಅಲ್ಲೇ ಬೇರು ಬಿಟ್ಟಳು. ಅವಳು ಹೊರಡುವ ದಿನ ನಮ್ಮವ್ವ ಅಳಿಯನನ್ನು ‘ಎಷ್ಟು ದೂರಪ್ಪ’ ಎಂದು ಕೇಳಿದಾಗ ಅವನು ಮೈಲಿಯಲ್ಲಿ ಏನೋ ಹೇಳಿದ. ಅವ್ವ ಅದನ್ನು ಕಿವಿಗೆ ಹಾಕಿಕೊಳ್ಳದೆ, ‘ಎಷ್ಟು ಹೊತ್ತಿನ ಊಟ ಕಟ್ಟಲಿ ಹೇಳು’ ಎಂದಳು. ಒಂಬತ್ತು ಹೊತ್ತಿನ ಬುತ್ತಿ ಕಟ್ಟಿದಳು. ಹೀಗೆ ಗುವಾಹಟಿ ನಮ್ಮ ಮನೆಯಲ್ಲಿ ಬಹಳ ಕಾಲ ಒಂಬತ್ತು ಬುತ್ತಿ ದೂರವಿತ್ತು. ಆ ಬುತ್ತಿಯ ಜೊತೆಗೆ, ಯಾರನ್ನೂ ಕೇಳದೆ, ನಮ್ಮವ್ವನ ಹಿತ್ತಾಳೆ ಸೇರೂ ಹೋಯಿತು.

ಆ ಸೇರಿನ ವಿಷಯದಲ್ಲಿ ನಾನು ನ್ಯಾಯವಾಗಿ ಮಾತಾಡಲಾರೆ, ಆದ್ದರಿಂದ ಅನ್ಯಾಯವಾಗಿಯೇ ಹೇಳುತ್ತೇನೆ. ಅದು ನನ್ನದು. ಅವ್ವನ ಬುಟ್ಟಿ ನಾನು ಹೊತ್ತೆ, ಅವ್ವನ ಜಾಗದಲ್ಲಿ ನಾನು ಕೂತೆ, ಅವ್ವನ ಬೈಗುಳ ನನ್ನ ಬಾಯಿಗೇ ಬಂತು. ಸೇರು ಮಾತ್ರ ಅಸ್ಸಾಮಿಗೆ ಹೋಗಿ ಅಕ್ಕಿ ಡಬ್ಬದಲ್ಲಿ ಕೂತಿತು. ಅದರ ಒಂದು ಪಕ್ಕ ಚಪ್ಪಟೆಯಾಗಿದೆ. ಚಿಕ್ಕಂದಿನಲ್ಲಿ ನಾನು ಅದನ್ನು ಜಯಮ್ಮನ ಮೇಲೆ ಎಸೆದಾಗ ಅವಳು ತಪ್ಪಿಸಿಕೊಂಡಳು, ಗೋಡೆ ತಪ್ಪಿಸಿಕೊಳ್ಳಲಿಲ್ಲ. ಆ ಚಪ್ಪಟೆಯ ದೆಸೆಯಿಂದ ಅದು ಸರಿಯಾದ ಸೇರಿಗಿಂತ ಒಂದು ಚೂರು ಕಮ್ಮಿಯೇ ಹಿಡಿಯುತ್ತದೆ. ಈ ಮಾತು ನೆನಪಿರಲಿ.

ಪ್ರತಿ ವರ್ಷ ಅವರೆ ಕಾಲ ಬಂದರೆ ಜಯಮ್ಮ ಫೋನು ಮಾಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದಳು. ನಾನೂ ಉರಿಸುತ್ತಿದ್ದೆ, ಸುಳ್ಳು ಯಾಕೆ. ಎರಡು ಮೂರು ಸಲ ಕಾಯಿ ಕಳಿಸಿದ್ದೆ. ಒಮ್ಮೆ ಕೊಳೆತು ಹೋಯಿತು, ಒಮ್ಮೆ ಹುಳ ತಾವೇ ಹಿದುಕಿಕೊಂಡು ತಿಂದಿದ್ದವು. ಸುಲಿದ ಕಾಳು ಕಳಿಸಿದರೆ ಒಣಗಿ, ಸೊಗಡೆಲ್ಲ ಹಾರಿ, ಗೋಲಿಯಂತೆ ಮುಟ್ಟಿತು. ಹೋದ ವರ್ಷ ಅವಳು ಅಂದಳು:

“ಅಕ್ಕ, ಬಾಯಲ್ಲಿ ಬಡಾಯಿ ಸಾಕು. ನಿನ್ನ ಅವರೆ ನನ್ನ ಮನೆ ಒಲೆ ಮೇಲೆ ಜೀವಂತ ಬಂದಿದ್ದನ್ನ ನಾನು ಕಾಣ್ಲಿಲ್ಲ.”

“ಬಂದ್ರೆ ಏನ್ ಕೊಡ್ತೀಯೆ?”

“ಅವ್ವನ ಸೇರು ಕೊಡ್ತೀನಿ. ಎರಡು ಸೇರು ಹಿದುಕಿದ ಬೇಳೆ, ಸೊಗಡು ಹೋಗಿರಬಾರದು, ನೀನು ಕಾಲಿಟ್ಟ ದಿನಾನೇ ಸಾರಾಗಬೇಕು. ಅದೇ ಸೇರಲ್ಲಿ ನಾನೇ ಅಳೆಯೋದು.”

“ಟಿಕೆಟ್ ತೆಗೆಸೇ,” ಎಂದೆ. ಎಪ್ಪತ್ತೆರಡು ವರ್ಷಕ್ಕೆ ನಾನು ಮೊದಲ ಸಲ ವಿಮಾನ ಹತ್ತಿದ್ದು ದೇಶ ನೋಡುವುದಕ್ಕಲ್ಲ, ತಂಗಿಯ ಸೊಕ್ಕು ಮುರಿಯುವುದಕ್ಕೆ.

ಅವರೆಯ ಕೆಲಸದಲ್ಲಿ ಎಲ್ಲವೂ ಹೊತ್ತಿನ ಮೇಲಿದೆ. ಬೇಗ ಹಿದುಕಿದರೆ ಬೇಳೆ ಮುರಿಯುತ್ತದೆ. ಒದ್ದೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಲೋಳೆಯಾಗಿ ಹುಳಿ ನಾತ ಹೊಡೆಯುತ್ತದೆ. ಒಣಕಾಳು ತೆಗೆದುಕೊಂಡು ಹೋಗಿ ಅಲ್ಲಿ ನೆನೆಸಿದರೆ ಅವತ್ತೇ ಸಾರಾಗುವುದಿಲ್ಲ, ಪಣ ಸೋತಂತೆ. ಆದ್ದರಿಂದ ನಾನು ಒಂದು ಉಪಾಯ ಮಾಡಿದೆ: ಮೂರು ಸೇರು ಹಸಿ ಕಾಳನ್ನು ಬೆಳಗಿನ ಐದಕ್ಕೆ ನೀರಿಗೆ ಹಾಕಿ, ಆರೂವರೆಗೆ ಬಸಿದು, ಒದ್ದೆ ಬಟ್ಟೆಯಲ್ಲಿ ಮೂಟೆ ಕಟ್ಟಿದರೆ ಉಳಿದ ನೆನೆಯುವುದೆಲ್ಲ ದಾರಿಯಲ್ಲೇ ಆಗುತ್ತದೆ. ಹನ್ನೊಂದಕ್ಕೆ ವಿಮಾನ, ಎರಡಕ್ಕೆ ಗುವಾಹಟಿ, ಮೂರಕ್ಕೆ ಜಯಮ್ಮನ ಮನೆ. ಅಷ್ಟು ಹೊತ್ತಿಗೆ ಕಾಳು ಹದವಾಗಿ ಬಿರಿದು ‘ಒತ್ತು’ ಎನ್ನುತ್ತಿರುತ್ತದೆ. ಆಕಾಶದಲ್ಲಿ ಅವರೆ ನೆನೆಸಿದ ಮೊದಲ ಹೆಂಗಸು ನಾನೇ ಇರಬೇಕು ಎಂದು ಒಳಗೊಳಗೇ ಬೀಗಿದೆ.

ಹೊರಡುವ ಮುಂಚಿನ ದಿನ ನನ್ನ ಖಾಯಂ ಗಿರಾಕಿ, ಭೂಗೋಳ ಕಲಿಸಿ ರಿಟೈರಾದ ಒಬ್ಬ ಮೇಷ್ಟ್ರು, ವಿಮಾನ ನೇರ ಗೆರೆಯಲ್ಲಿ ಹೋಗುವುದಿಲ್ಲ ಎಂದು ಪಕ್ಕದ ಅಂಗಡಿಯ ಕುಂಬಳಕಾಯಿಯ ಮೇಲೆ ದಾರ ಎಳೆದು ತೋರಿಸಿದ್ದರು. ಭೂಮಿ ಗುಂಡಗಿರುವುದರಿಂದ ಅತಿ ಹತ್ತಿರದ ದಾರಿಯೂ ಬಾಗಿಯೇ ಇರುತ್ತದಂತೆ. ನಾನು, “ಹೌದಾ ಸಾರ್, ನಮ್ಮ ಜಯಮ್ಮನ ಮಾತಿದ್ದ ಹಾಗೆ,” ಎಂದೆ. ಅವರು ನಗಲಿಲ್ಲ, ಮೇಷ್ಟ್ರುಗಳು ಕುಂಬಳಕಾಯಿ ಕೈಯಲ್ಲಿದ್ದಾಗ ನಗುವುದಿಲ್ಲ.

ಜೊತೆಗೆ ಹೊರಟ ದಿವ್ಯಾ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದಳು, ನಾನು ಮೂಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂತೆ. ತೊಡೆ ಒದ್ದೆಯಾಯಿತು. ಪಕ್ಕದ ಹುಡುಗಿ ನನ್ನ ಸೀರೆ ನೋಡಿ, ನನ್ನ ವಯಸ್ಸು ನೋಡಿ, ಏನೋ ತೀರ್ಮಾನಕ್ಕೆ ಬಂದು ಎದ್ದುಹೋದಳು. ಒಳ್ಳೆಯದೇ ಆಯಿತು, ಮೂಟೆಗೂ ಒಂದು ಸೀಟು ಸಿಕ್ಕಿತು.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಮ್ಮ ಮೂಟೆ ಆ ಕತ್ತಲ ಪೆಟ್ಟಿಗೆಯೊಳಗೆ ಹೋಗಿದ್ದು ಹೊರಗೆ ಬರಲೇ ಇಲ್ಲ. ಒಳಗಿನ ಪರದೆಯಲ್ಲಿ ಸಾವಿರಾರು ಗುಂಡು ಕಂಡಿರಬೇಕು. ಖಾಕಿ ತೊಟ್ಟ ಹೆಣ್ಣುಮಗಳೊಬ್ಬಳು ಮೂಟೆ ಬಿಚ್ಚಿ, “ಯೇ ಕ್ಯಾ ಹೈ, ಅಮ್ಮಾ?” ಎಂದಳು. ನನಗೆ ಹಿಂದಿ ಬಾರದು, ಆದರೆ ಗಿರಾಕಿಗಳ ಅನುಮಾನ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ಒಂದು ಕಾಳು ತೆಗೆದು, ಅವಳ ಮುಖದ ಮುಂದೆ ಹಿಡಿದು, ಒತ್ತಿದೆ. ಇನ್ನೂ ಅಷ್ಟು ನೆನೆದಿಲ್ಲದಿದ್ದರೂ ಬೇಳೆ ಹಾರಿ ಅವಳ ಎದೆಯ ಮೇಲಿನ ಹೆಸರಿನ ಪಟ್ಟಿಗೆ ಬಡಿಯಿತು.

“ಅಜ್ಜೀ!” ದಿವ್ಯಾ ಹಣೆ ಚಚ್ಚಿಕೊಂಡಳು. “ಜೈಲಿಗೆ ಹಾಕಿಸ್ತೀಯಾ ನನ್ನ?”

ಖಾಕಿಯವಳು ಬೇಳೆಯನ್ನು ಎತ್ತಿ ಮೂಸಿ ನೋಡಿ, ನಕ್ಕು, ಮೂಟೆಯನ್ನು ನಾನು ಕಟ್ಟಿದ್ದಕ್ಕಿಂತ ಚೆನ್ನಾಗಿ ಕಟ್ಟಿಕೊಟ್ಟಳು. ಅವಳಿಗೂ ಎಲ್ಲೋ ಒಂದು ಹೊಲವಿರಬೇಕು.

ಅಲ್ಲಿಂದ ಮುಂದೆ ಗೇಟಿನ ಹತ್ತಿರ ಕುರ್ಚಿಗಳ ಸಾಲಿನಲ್ಲಿ ಕೂತೆವು. ಹತ್ತೂವರೆಗೆ ಬೋರ್ಡಿನ ಮೇಲೆ ಕೆಂಪಕ್ಷರ ಬಂತು. ದಿವ್ಯಾ ಓದಿದಳು: ಆ ಕಡೆ ಮಂಜಂತೆ, ಬರಬೇಕಾದ ವಿಮಾನ ಬಂದಿಲ್ಲವಂತೆ, ನಮ್ಮದು ಎರಡು ಗಂಟೆಗಂತೆ.

“ಎರಡಕ್ಕೆ ಮುಟ್ಟುತ್ತಾ?”

“ಎರಡಕ್ಕೆ ಹೊರಡುತ್ತೆ. ಮುಟ್ಟೋದು ಐದು.”

ಸುತ್ತಲಿನವರೆಲ್ಲ ಫೋನು ಹಿಡಿದು, ಮೀಟಿಂಗು ತಪ್ಪಿತು, ಇನ್ನೊಂದು ವಿಮಾನ ತಪ್ಪಿತು ಎಂದು ಇಂಗ್ಲಿಷಿನಲ್ಲಿ ನರಳತೊಡಗಿದರು. ಅವರ ತೊಂದರೆ ದೊಡ್ಡದೇ ಇರಬಹುದು, ಆದರೆ ಅವರ ಮೀಟಿಂಗು ಹುಳಿ ಬರುವುದಿಲ್ಲ. ನಾನು ಮೂಟೆಯೊಳಗೆ ಕೈ ಹಾಕಿದೆ. ಬೆಚ್ಚಗಿತ್ತು. ಕಾಳು ದಪ್ಪವಾಗಿ, ಸಿಪ್ಪೆ ಸಡಿಲವಾಗತೊಡಗಿತ್ತು. ಇನ್ನೂ ಏಳೆಂಟು ಗಂಟೆ ಒದ್ದೆ ಮೂಟೆಯಲ್ಲಿ ಬೆಂದರೆ ಜಯಮ್ಮನ ಮನೆಗೆ ನಾನು ಹೊತ್ತೊಯ್ಯುವುದು ಗೊಬ್ಬರ. ಅವಳು ಮೂಗು ಮುಚ್ಚಿಕೊಳ್ಳುವ ಚಂದ ನನ್ನ ಕಣ್ಣ ಮುಂದೆ ಬಂತು. ಅವ್ವನ ಸೇರು ಅಕ್ಕಿ ಡಬ್ಬಕ್ಕೆ ವಾಪಸ್ಸು ಇಳಿದ ಸದ್ದೂ ಕೇಳಿಸಿತು.

ಫೋನು ಹೇಳಿದ ಮೂರು ಗಂಟೆ ಸುಳ್ಳಲ್ಲ, ನಿಜವೂ ಅಲ್ಲ. ಅದು ವಿಮಾನದ ಹೊತ್ತು. ಮನುಷ್ಯರ ಹೊತ್ತಿನಲ್ಲಿ ಬಸ್ಸಿದೆ, ಸಾಲಿದೆ, ಮಂಜಿದೆ, ಕಾಯುವುದಿದೆ. ಅವರೆಯ ಹೊತ್ತು ಈ ಎರಡಕ್ಕೂ ಸೇರಿದ್ದಲ್ಲ. ನೀರು ಬಿದ್ದ ಗಳಿಗೆಯಿಂದ ಅದು ತನ್ನ ಪಾಡಿಗೆ ತಾನು ಹೊರಟಿರುತ್ತದೆ, ಯಾವ ಬೋರ್ಡನ್ನೂ ಓದುವುದಿಲ್ಲ, ಅನಕ್ಷರಸ್ಥ, ನನಗಿಂತ ಒಂದು ಕೈ ಮೇಲು.

“ದಿವ್ಯಾ, ಶಾಲು ಹಾಸೇ,” ಎಂದೆ.

“ಯಾಕೆ? ಮಲಗ್ತೀಯಾ?”

“ಹಿದುಕ್ತೀನಿ.”

“ಇಲ್ಲೇನಾ? ಅಜ್ಜಿ, ಏರ್‌ಪೋರ್ಟಲ್ಲಾ? ಎಲ್ಲಾರೂ ನೋಡ್ತಾರೆ!”

“ಮೂವತ್ತು ವರ್ಷ ರಸ್ತೇಲೇ ಕೂತಿದೀನಿ ಕಣೆ, ನೋಡೋರೇನು ಹೊಸಬರಾ?”

ಕನ್ನಡಿಯಂತೆ ಹೊಳೆಯುವ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ಶುರು ಮಾಡಿದೆ. ಹಲ್ಲು ಕಟಕಟಿಸುವಷ್ಟು ತಣ್ಣನೆ ಗಾಳಿ ಮೇಲಿನಿಂದ ಸುರಿಯುತ್ತಿತ್ತು. ಜನಕ್ಕೆ ಅದು ಹಿಂಸೆ. ಹಿದುಕಿದ ಬೇಳೆಗೆ ಅಮೃತ. ಒಣಬಟ್ಟೆಯ ಮೇಲೆ ಆ ಗಾಳಿಗೆ ಹರಡಿದರೆ ಸಂಜೆವರೆಗೆ ತಡೆಯುತ್ತದೆ ಎಂದು ನನ್ನ ಕೈ ಹೇಳಿತು. ದಿವ್ಯಾ ಮೊದಲು ಮೂರು ಕುರ್ಚಿ ಆಚೆ ಹೋಗಿ ನನ್ನ ಪರಿಚಯವಿಲ್ಲದವಳಂತೆ ಕೂತಳು. ಆಮೇಲೆ ಎರಡು ಕುರ್ಚಿ. ಆಮೇಲೆ ಪಕ್ಕಕ್ಕೇ ಬಂದು, ಉಗುರಿನ ಬಣ್ಣ ನೋಡಿಕೊಂಡು, ನಿಟ್ಟುಸಿರು ಬಿಟ್ಟು, ಒಂದು ಹಿಡಿ ಎತ್ತಿಕೊಂಡಳು.

ನಮ್ಮ ಕಡೆ ಒಂದು ಪದ್ಧತಿಯಿದೆ. ಅವರೆ ಕಾಲದಲ್ಲಿ ಯಾರ ಮನೆಗೆ ಯಾರು ಬಂದರೂ, ಬೀಗರಾಗಲಿ ಸಾಲ ಕೇಳುವವರಾಗಲಿ, ಮೊದಲು ಕೂತು ನಾಲ್ಕು ಕಾಳು ಹಿದುಕಬೇಕು, ಮಾತು ಆಮೇಲೆ. ಹಿದುಕುತ್ತ ಹಿದುಕುತ್ತ ಜಯನಗರದ ದೊಡ್ಡ ಮನೆಗಳ ಅಮ್ಮಂದಿರೂ ನಾವೂ ಒಂದೇ ಜಗುಲಿಯಲ್ಲಿ ಕೂತಿದ್ದುಂಟು. ಬೇಳೆ ಮುಗಿದ ಮೇಲೆ ಅವರು ಒಳಗೆ, ನಾವು ಹೊರಗೆ, ಅದು ಬೇರೆ ಮಾತು. ಅವತ್ತೂ ಕರೆಯದೇ ಜನ ಬಂದರು. ಮೊದಲು ಬಂದದ್ದು ಕೋಟು ಹಾಕಿದ ಒಬ್ಬ ಗೃಹಸ್ಥ. ಬಹಳ ಹೊತ್ತಿನಿಂದ ನಿಂತು ನೋಡುತ್ತಿದ್ದವನು ಕೊನೆಗೆ ತಡೆಯಲಾರದೆ ಅಂದ:

“ಅಮ್ಮ, ಸಾರಿಗಾ, ಉಸಲಿಗಾ?”

“ಪಂದ್ಯಕ್ಕೆ,” ಎಂದೆ. “ಸುಮ್ನೆ ನೋಡ್ತಾ ನಿಂತ್ರೆ ದೃಷ್ಟಿ ಆಗುತ್ತೆ. ಕೂತ್ಕೊಂಡು ಒತ್ತಿ.”

ಕೋಟು ಬಿಚ್ಚಿ ಕೂತ. ಚಾಮರಾಜಪೇಟೆಯ ಅಜ್ಜಿ ಮನೆಯಲ್ಲಿ ಹಿದುಕಿದ ಕೈಯಂತೆ. ನಲವತ್ತು ವರ್ಷವಾದರೂ ಮರೆತಿರಲಿಲ್ಲ, ಆದರೆ ಗುರಿ ಕೆಟ್ಟಿತ್ತು. ಅವನ ಮೂರನೇ ಬೇಳೆ ಎದುರು ಕೂತು ಲ್ಯಾಪ್‌ಟಾಪ್ ಕುಟ್ಟುತ್ತಿದ್ದವನ ಕನ್ನಡಕಕ್ಕೆ ತಗುಲಿತು. ಆಮೇಲೆ ಅವನೂ ಬಂದ, ಜಗಳಕ್ಕಲ್ಲ. ಅಸ್ಸಾಮಿನ ಒಬ್ಬ ಹೆಂಗಸು ಪಕ್ಕದಲ್ಲಿ ಕೂತು, ಒಂದು ಕಾಳನ್ನು ತಿರುಗಿಸಿ ನೋಡಿ, ದಿವ್ಯಾಗೆ ಏನೋ ಹೇಳಿದಳು.

“ಅಜ್ಜಿ, ಇದು ಅವರ ಊರಲ್ಲೂ ಬೆಳೆಯುತ್ತಂತೆ. ಉರಹಿ ಅಂತಾರಂತೆ.”

ನಲವತ್ತು ವರ್ಷದಲ್ಲಿ ಜಯಮ್ಮ ಈ ಮಾತು ಎತ್ತಿರಲಿಲ್ಲ. ಇರಲಿ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಸಿಪ್ಪೆ ಗುಡಿಸಲು ಬಂದ ನಿಲ್ದಾಣದ ಹೆಂಗಸು ಬೈಯುವುದಕ್ಕೆ ಬಾಯಿ ತೆರೆದವಳು, “ಎಲ್ಲಿ ತಂದ್ರಿ ಅಕ್ಕ, ಎಷ್ಟು ಎಳೆಸು!” ಎಂದು ಪೊರಕೆ ಒರಗಿಸಿ ತಾನೂ ಒಂದು ಹಿಡಿ ಒತ್ತಿ, ಆಮೇಲೆ ಸಿಪ್ಪೆಯನ್ನೆಲ್ಲ ಬಳಿದುಕೊಂಡು ಹೋದಳು. ಒಂದು ಗಂಟೆಯೊಳಗೆ ಮೂರು ಸೇರು ಕಾಳು ಖಾಲಿ. ಹರಡಿ ಆರಿಸಿ ನಾನೇ ಹಿಡಿ ಹಿಡಿಯಾಗಿ ಎಣಿಸಿದೆ. ನನ್ನ ಕೈಗೆ ಸೇರಿಗೆ ಹನ್ನೆರಡು ಹಿಡಿ. ಬೇಳೆ ಇಪ್ಪತ್ತೈದು ಹಿಡಿ ಬಂತು. ಎರಡು ಸೇರು, ಮೇಲೆ ಒಂದು ಹಿಡಿ ಕೊಸರು. ಕೊಸರಿಲ್ಲದೆ ನಾನು ಯಾರಿಗೂ ಅಳೆದವಳಲ್ಲ, ಜಯಮ್ಮನಾದರೂ ಸರಿ.

ವಿಮಾನದಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ನದಿ ನೋಡು, ಮೋಡ ನೋಡು ಎಂದು ದಿವ್ಯಾ ಗೋಗರೆದಳು. ನಾನು ಮೂಟೆ ನೋಡುತ್ತಿದ್ದೆ. ಮೇಷ್ಟ್ರು ಹೇಳಿದ ಬಾಗಿದ ಗೆರೆ ಎಲ್ಲಿಯೂ ಕಾಣಲಿಲ್ಲ. ಕುಂಬಳಕಾಯಿಯ ಮೇಲೆ ಕೂತ ಇರುವೆಗೆ ಕುಂಬಳಕಾಯಿ ಕಾಣುವುದುಂಟೆ.

ಐದಕ್ಕೆ ಇಳಿದರೆ ಅಲ್ಲಿ ಆಗಲೇ ಸೂರ್ಯ ಮುಳುಗಿದ್ದ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಅವಸರದವನು. ಜಯಮ್ಮ ಮನೆ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಹತ್ತು ವರ್ಷದ ಮೇಲೆ ನೋಡಿದ್ದು. ಅವಳು ಕುಗ್ಗಿದ್ದಳು, ನಾನು ಕುಗ್ಗಿದ್ದೆ, ಆದ್ದರಿಂದ ಅಳತೆ ಸರಿಯಾಗಿಯೇ ಇತ್ತು. ಕಾಂಪೌಂಡ್ ಗೋಡೆಯ ಮೇಲೆ ದೀಪದ ಬೆಳಕಿನಲ್ಲಿ ಒಂದು ಬಳ್ಳಿ ಹಬ್ಬಿತ್ತು, ನೇರಳೆ ಹೂವು, ಚಪ್ಪಟೆ ಕಾಯಿ.

“ಇದೇನೇ ಇದು, ಅವರೆ ಬಳ್ಳಿ!”

“ಸೊಗಡಿಲ್ಲ ಅದ್ರಲ್ಲಿ,” ಅಂದಳು ತಂಗಿ, ಬಳ್ಳಿಯ ಕಡೆ ತಿರುಗಿಯೂ ನೋಡದೆ. “ಹೇಗಿದೀಯ ಅಂತ ಕೇಳೋಕ್ ಮುಂಚೆ ಬಳ್ಳಿ ಎಣಿಸ್ತೀಯಲ್ಲ. ಮೂಟೆ ಬಿಚ್ಚು.”

ಬಿಚ್ಚಿದೆ. ಜಯಮ್ಮ ಮೂಸಿದಳು, ಮತ್ತೆ ಮೂಸಿದಳು. ಒಂದು ಬೇಳೆ ಬಾಯಿಗೆ ಹಾಕಿಕೊಂಡು ಹಸಿಯದನ್ನೇ ಅಗಿದಳು. ಅವಳ ಸೊಸೆ, ದಿವ್ಯಾ, ನಾನು, ಮೂವರೂ ಅವಳ ದವಡೆಯನ್ನೇ ನೋಡುತ್ತ ನಿಂತಿದ್ದೆವು.

“ಚೆನ್ನಾಗಿದೆ,” ಎಂದಳು, ಹಲ್ಲು ಕೀಳಿಸಿಕೊಂಡವಳ ಹಾಗೆ. “ಅಳತೆ ಆಗಲಿ.”

ಅಕ್ಕಿ ಡಬ್ಬದಿಂದ ಅವ್ವನ ಸೇರು ಬಂತು. ಚಪ್ಪಟೆ ಪಕ್ಕ ನನ್ನ ಕಡೆಗೇ ತಿರುಗಿತ್ತು. ಜಯಮ್ಮ ಮೂಟೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ನಮ್ಮ ಕಡೆ ಬೆನ್ನು ಮಾಡಿ ಕೂತು, ಎರಡು ಕೈಯಲ್ಲೂ ತುಂಬಿದಳು. ಮೊದಲ ಸೇರು ಗೋಪುರವಾಗಿ ತುಂಬಿತು. ಎರಡನೆಯದು ಏರಿತು, ಏರಿತು, ಅಂಚಿಗೆ ಎರಡು ಬೆರಳು ಇರುವಾಗ ನಿಂತಿತು. ಮೂಟೆ ಖಾಲಿ.

“ಕಮ್ಮಿ,” ಎಂದಳು ಜಯಮ್ಮ. “ಒಂದು ಹಿಡಿ ಕಮ್ಮಿ. ಪಣ ಅಂದ್ರೆ ಪಣ.”

“ಅಜ್ಜಿ, ನೀನೇ ಎಣಿಸಿದ್ಯಲ್ಲ, ಇಪ್ಪತ್ತೈದು ಇತ್ತಲ್ವಾ!” ದಿವ್ಯಾ ಕುದಿದಳು. “ಆ ಕೋಟಿನ ಅಂಕಲ್ಲೇ ಕದ್ದಿರ್ತಾರೆ.”

ಪಾಪ, ಕೋಟಿನವನು ಎದ್ದುಹೋದ ಮೇಲೆಯೇ ನಾನು ಎಣಿಸಿದ್ದು. ಮೂವತ್ತು ವರ್ಷ ಅಳೆದ ಕೈ ಇಪ್ಪತ್ತೈದನ್ನು ಇಪ್ಪತ್ಮೂರು ಮಾಡುವುದಿಲ್ಲ. ಅದರ ಮೇಲೆ ಆ ಸೇರು ಚಪ್ಪಟೆ. ಅದು ತುಂಬಿ ಚೆಲ್ಲಬೇಕಿತ್ತು. ಜಯಮ್ಮ ಒಲೆಯ ಕಡೆ ಎದ್ದುಹೋದಾಗ ಅವಳ ಸೆರಗಿನ ತುದಿಯ ಗಂಟು ನೋಡಿದೆ. ಎರಡು ಮುಷ್ಟಿ ಗಾತ್ರ, ಒದ್ದೆ. ಐವತ್ತು ವರ್ಷದ ಹಿಂದೆ ಅವ್ವನ ಬುಟ್ಟಿಯಿಂದ ಕಡಲೆ ಕದಿಯುತ್ತಿದ್ದಾಗಲೂ ಗಂಟನ್ನು ಅಲ್ಲೇ ಹಾಕುತ್ತಿದ್ದಳು. ಕಳ್ಳತನದಲ್ಲಿ ಪ್ರಗತಿಯೇ ಇಲ್ಲ.

ಸೆರಗು ಹಿಡಿದು ಎಳೆಯಬಹುದಿತ್ತು. ಕೈ ಮುಂದಕ್ಕೂ ಹೋಯಿತು. ಎಳೆದಿದ್ದರೆ ಸೇರು ನನ್ನದು, ಬೆಳಗ್ಗೆಯೇ ಚೀಲಕ್ಕೆ ಹಾಕಿಕೊಂಡು ಹೊರಡಬಹುದಿತ್ತು, ಆಮೇಲೆ? ಎಪ್ಪತ್ತು ದಾಟಿದ ಮೇಲೆ ಜಗಳಕ್ಕೆ ಸರಿಸಮಾನರು ಸಿಗುವುದು ಕಷ್ಟ. ಇರುವ ಒಬ್ಬಳನ್ನು ಗೆದ್ದು ಮುಗಿಸುವಷ್ಟು ದಡ್ಡಿ ನಾನಲ್ಲ. ಕೈಯನ್ನು ಹಿಂದಕ್ಕೆ ತೆಗೆದುಕೊಂಡು, “ಮುಂದಿನ ಸಲ ಮೂರು ಸೇರು ತರ್ತೀನಿ, ನೋಡ್ತಿರು,” ಎಂದೆ.

“ತಾ, ತಾ. ಅಳೆಯೋಕೆ ನಾನಿದೀನಲ್ಲ,” ಎಂದಳು ಒಲೆಯ ಮುಂದಿನಿಂದ.

ಸಾರು ಬಹಳ ಚೆನ್ನಾಗಿತ್ತು. ಎರಡು ಸೇರಿನ ಸಾರಿಗಿಂತ ಒಂದು ಹಿಡಿ ಗಟ್ಟಿಯಾಗಿಯೇ ಇತ್ತು ಎಂದು ನನ್ನ ನಾಲಗೆಗೆ ಅನ್ನಿಸಿತು, ಇನ್ನೊಂದು ಸೌಟು ಹಾಕಿಸಿಕೊಂಡೆ.

ವಾಪಸ್ಸು ಬಂದು ಫುಟ್‌ಪಾತಿನಲ್ಲಿ ಕೂತ ಎರಡನೇ ದಿನ ಭೂಗೋಳದ ಮೇಷ್ಟ್ರು ಬಂದರು. ಚೀಲ ಬಿಡಿಸುತ್ತ, “ಏನು ಗೌರಮ್ಮ, ಕೊನೆಗೆ ಗುವಾಹಟಿ ಎಷ್ಟು ದೂರ ಆಯ್ತು?” ಎಂದರು.

ಯಾಕೆ, ಯಾರ ಮನೆಗೆ ಎಂದು ಅವರೂ ಕೇಳಲಿಲ್ಲ. ಮೇಷ್ಟ್ರುಗಳೂ ಒಂದು ಬಗೆಯ ಫೋನೇ.

“ಎರಡು ಸೇರು, ಸಾರ್,” ಎಂದೆ, ಅವರ ಚೀಲಕ್ಕೆ ಬೇಳೆ ಸುರಿಯುತ್ತ. “ಒಂದು ಹಿಡಿ ಕಮ್ಮಿ.”